ಏಳನೆಯ ವಾರದ ಕಿರೀಟ

ಅವರ ಮನೆಗೆ ಬಂದ ಮೂರನೆಯ ಫ್ರಿಜ್ ಅದು. ಗಿಲ್ ಅದನ್ನು ಟ್ರಕ್ಕಿನಿಂದ ಇಳಿಸಿ ಹಿತ್ತಲ ಬಾಗಿಲ ಬಳಿ ನಿಲ್ಲಿಸಿದ. ಸುತ್ತ ಬಿಗಿದಿದ್ದ ಅಂಟುಪಟ್ಟಿಯನ್ನು ಕಿತ್ತದ್ದೇ ತಡ, ಒಳಗೆ ಸೂಪು ಕಲಕುತ್ತಿದ್ದ ಲಿಯೊನೋರ್ ಸೌಟು ಬಿಟ್ಟು ಮೂಗು ಮುಚ್ಚಿಕೊಂಡಳು. ಕರೆಂಟು ಕಿತ್ತ ಮನೆಯೊಳಗೆ ಎರಡು ತಿಂಗಳು ಕೊಳೆತ ಮಾಂಸದ ನಾತ ಅಡಿಗೆಮನೆಯ ತುಂಬ ಹರಡಿತು.

"ಗಿಲ್! ಮುಚ್ಚೋ ಅದನ್ನ! ಊಟದ ಹೊತ್ತು!"

"ಬ್ಲೀಚ್ ಹಾಕಿ ತೊಳೆದ್ರೆ ಹೊಸದರ ಹಾಗಾಗುತ್ತಮ್ಮ. ನೂರಿಪ್ಪತ್ತು ಡಾಲರಿಗೆ ಹೋಗುತ್ತೆ."

"ತೊಳೆಯೋರು ಯಾರು?"

ತೊಳೆಯುವವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಬ್ಯಾಂಕಿನವರು ವಶಪಡಿಸಿಕೊಂಡ ಮನೆಗಳನ್ನು ಖಾಲಿ ಮಾಡಿಕೊಡುವುದು ಗಿಲ್‌ನ ಈಗಿನ ಕೆಲಸ. ಬೆಳಿಗ್ಗೆ ಫೋನಿಗೆ ವಿಳಾಸ ಬರುತ್ತದೆ. ಹೋಗಿ ಮೊದಲು ಒಂದೊಂದು ಕೋಣೆಯ ಫೋಟೋ ತೆಗೆಯಬೇಕು. ಆಮೇಲೆ ಇದ್ದಬದ್ದದ್ದನ್ನೆಲ್ಲ ಎತ್ತಿ ಕಸದ ಗುಂಡಿಗೆ ಹಾಕಬೇಕು. ಆಮೇಲೆ ಖಾಲಿ ಕೋಣೆಯ ಫೋಟೋ. ಎರಡನ್ನೂ ಕಳಿಸಿದರೆ ಹಣ. ಗುಂಡಿಗೆ ಹೋಗಬೇಕಾದದ್ದರಲ್ಲಿ ಮಾರಲು ಬರುವಂಥದ್ದು ಲಿಯೊನೋರಳ ಗ್ಯಾರೇಜಿಗೆ ಬರುತ್ತಿತ್ತು. ಲಾಸ್ ಬಾನೋಸಿನ ಆ ಹೊಸ ಬಡಾವಣೆಗಳಲ್ಲಿ ಮೂರು ವರ್ಷದ ಹಿಂದೆ ಗೋಡೆಗೆ ಹಲಗೆ ಹೊಡೆದವನೂ ಇದೇ ಗಿಲ್. ಆಗ ಅವನ ಕೈಕೆಳಗೆ ಹನ್ನೊಂದು ಆಳುಗಳಿದ್ದರು, ಒಂದು ದೋಣಿಯಿತ್ತು, ನಾಲ್ಕು ಮಲಗುವ ಕೋಣೆಗಳ ಮನೆಯಿತ್ತು. ಆ ಮನೆಯೂ ಹೋಗಿ ಈಗ ಹೆಂಡತಿ ಮಗಳ ಸಮೇತ ಅಪ್ಪ ಹಾಲು ಕರೆದು ಕಟ್ಟಿಸಿದ ಎರಡು ಮಲಗುವ ಕೋಣೆಯ ಮನೆಗೆ ಬಂದು ಬಿದ್ದಿದ್ದ.

ಊಟಕ್ಕೆ ಕೂತಾಗ ಲಿಯೊನೋರ್ ತಟ್ಟೆಗಳನ್ನು ನೋಡಿದಳು. ಒಂದಕ್ಕೊಂದು ಹೊಂದುವುದಿಲ್ಲ. ಒಂದರ ಮೇಲೆ ಕೋಳಿ, ಒಂದರ ಮೇಲೆ ಯಾರದೋ ಮದುವೆಯ ತಾರೀಖು. ಗಂಡ ಅವೆಲಿನೊ ತನ್ನ ಮುಂದಿದ್ದ ಲೋಟವನ್ನು ಬೆರಳ ತುದಿಯಿಂದ ದೂರ ತಳ್ಳಿದ. ಅದರ ಮೇಲೆ 'ಜಗತ್ತಿನಲ್ಲೇ ಒಳ್ಳೆಯ ಅಜ್ಜ' ಎಂದು ಬರೆದಿತ್ತು.

"ಇದ್ಯಾವ ಅಜ್ಜನ ಎಂಜಲು?"

"ತೊಳೆದಿದೆ ಅಪ್ಪ."

"ಆ ಅಜ್ಜ ಈಗ ಯಾವ್ದರಲ್ಲಿ ಕುಡೀತಿದಾನೆ?"

ಸೊಸೆ ಡೆನೀಸ್ ಬ್ರೆಡ್ಡು ಮುರಿಯುತ್ತ, "ಅವೆಲಿನೊ, ಪ್ರತಿ ರಾತ್ರಿ ಇದೇ ಮಾತು ಬೇಕಾ?" ಎಂದಳು. ಅತ್ತೆಮಾವಂದಿರನ್ನು ಹೆಸರು ಹಿಡಿದು ಕರೆಯುವುದು ಅವಳ ರೂಢಿ. ಹದಿನಾರು ವರ್ಷವಾದರೂ ಲಿಯೊನೋರಳ ಕಿವಿಗೆ ಅದು ಒಗ್ಗಿರಲಿಲ್ಲ. "ಅವರು ಬಿಟ್ಟು ಹೋಗಿದ್ದು. ಬೇಕಾಗಿದ್ರೆ ತಗೊಂಡು ಹೋಗ್ತಿದ್ರು."

"ನೀನು ನಿನ್ನ ಮನೆ ಬಿಟ್ಟಾಗ ಎಲ್ಲಾನೂ ತಗೊಂಡು ಬಂದ್ಯಾ?"

ಡೆನೀಸಳ ಮುಖ ಕೆಂಪಾಯಿತು. ಹದಿನಾಲ್ಕರ ಮೊಮ್ಮಗಳು ಮರಿಸ್ಸಾ ತಲೆ ಎತ್ತದೆ ಸೂಪು ಹೀರಿದಳು. ಅವಳ ಜಾಕೆಟ್ಟಿನ ಎದೆಯ ಮೇಲೆ 'ಬ್ರಿಟನಿ' ಎಂಬ ಹೆಸರು ಕಸೂತಿಯಾಗಿತ್ತು.

"ಈ ಫ್ರಿಜ್ ಇರ್ಲಿ," ಎಂದಳು ಲಿಯೊನೋರ್. "ಇದೇ ಕೊನೇದು. ಇನ್ನು ಐದು ವಾರಕ್ಕೆ ಕಿರೀಟ ಬರುತ್ತೆ. ಅಷ್ಟರೊಳಗೆ ಮುಂದಿನ ಕೋಣೆ ನನಗೆ ಬೇಕು. ನಮ್ಮದಲ್ಲದ ಒಂದು ಕಡ್ಡಿಯೂ ಅಲ್ಲಿ ಇರಬಾರ್ದು."

"ನಾನೆಲ್ಲಿ ಮಲಗ್ಲಿ ವೊವೊ?" ಎಂದಳು ಮರಿಸ್ಸಾ. ಅಜ್ಜಿಯನ್ನು ಅವಳು ಕರೆಯುವುದೇ ಹಾಗೆ.

"ನನ್ನ ಪಕ್ಕದಲ್ಲಿ. ನಿನ್ನಜ್ಜ ಬೇಕಾದ್ರೆ ಫ್ರಿಜ್ಜಲ್ಲಿ ಮಲಗ್ಲಿ."

ಆ ರಾತ್ರಿ ಊಟದಲ್ಲಿ ಯಾರಾದರೂ ನಕ್ಕದ್ದು ಅಷ್ಟಕ್ಕೇ.

ಈಸ್ಟರ್ ಕಳೆದ ಮೇಲಿನ ಏಳು ವಾರ ಪವಿತ್ರಾತ್ಮರ ಬೆಳ್ಳಿಯ ಕಿರೀಟ ವಾರಕ್ಕೊಂದು ಮನೆಯಲ್ಲಿರುತ್ತದೆ. ಸಂಜೆ ಏಳಕ್ಕೆ, ಅವರಂತೆಯೇ ಹುಟ್ಟಿದ ದ್ವೀಪ ಬಿಟ್ಟು ಈ ದೇಶಕ್ಕೆ ಬಂದವರೆಲ್ಲ ಆ ಮನೆಗೆ ಬಂದು ಜಪಸರ ಹೇಳಿ, ಸಿಹಿ ಬ್ರೆಡ್ಡು ತಿಂದು, ಕಾಫಿ ಕುಡಿದು ಹೋಗುತ್ತಾರೆ. ಯಾರ ಮನೆ, ಯಾವ ವಾರ ಎಂಬುದು ಹಿಂದಿನ ವರ್ಷವೇ ಚೀಟಿ ಎತ್ತಿ ಗೊತ್ತಾಗುವುದು. ಏಳನೆಯ ವಾರ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಕಿರೀಟ ಆ ಮನೆಯಿಂದಲೇ ಹಬ್ಬದ ಮೆರವಣಿಗೆಗೆ ಹೊರಡುತ್ತದೆ. ಗಿಲ್ ಏಳು ತಿಂಗಳಿಗೇ ಹುಟ್ಟಿ ಅಂಗೈಯಷ್ಟಿದ್ದಾಗ ಲಿಯೊನೋರ್ ಹರಕೆ ಹೊತ್ತಿದ್ದಳು: ಮಗು ಉಳಿದರೆ ಏಳನೆಯ ವಾರ ನನ್ನ ಮನೆಯಲ್ಲಿ. ಮಗು ಉಳಿಯಿತು. ಮೂವತ್ತನಾಲ್ಕು ವರ್ಷ ಚೀಲದಲ್ಲಿ ಅವಳ ಚೀಟಿ ಬೀಳುತ್ತಲೇ ಇತ್ತು, ಹೆಸರು ಬಂದಿರಲಿಲ್ಲ. ಹೋದ ವರ್ಷ ಬಂತು. ಹೆಸರು ಕೂಗಿದಾಗ ಅವಳ ಪಕ್ಕದಲ್ಲಿ ಕೂತು ಅವಳಿಗಿಂತ ಜೋರಾಗಿ ಅತ್ತವಳು ಒಡೀಲಿಯ.

ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಗಿಲ್‌ನನ್ನು ಎತ್ತಿಕೊಂಡು ನಿಂತವಳು ಒಡೀಲಿಯ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕುಮಾದ್ರೆ', ಜೊತೆತಾಯಿ, ಎಂದೇ ಕರೆಯುವುದು, ಹೆಸರು ಹಿಡಿದಿದ್ದಿಲ್ಲ. ಒಡೀಲಿಯ ವಿಧವೆ, ಟೊಮೇಟೊ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ, ಬಾಗಿಲು ತಟ್ಟಿದವರಿಗೆಲ್ಲ ಸಾಲ ಸಿಗುತ್ತಿದ್ದ ಕಾಲದಲ್ಲಿ, ಡೆನೀಸ್ ಮನೆಸಾಲದ ಕಚೇರಿಯೊಂದರಲ್ಲಿದ್ದಳು. ಹಬ್ಬದ ದಿನ ದ್ವೀಪದವರ ಸಭಾಂಗಣದ ಬಾಗಿಲಲ್ಲೇ ಮಡಚುವ ಮೇಜು ಹಾಕಿ, ಸೂಪು ಕುಡಿದು ಬಾಯಿ ಒರೆಸಿಕೊಳ್ಳುತ್ತ ಬಂದವರ ಕೈಗೆ ಅರ್ಜಿ ಕೊಡುತ್ತಿದ್ದಳು. ಒಂದು ಅರ್ಜಿಗೆ ಸಹಿ ಬಿದ್ದರೆ ಕಚೇರಿಯಲ್ಲಿ ಗಂಟೆ ಬಾರಿಸುತ್ತಿದ್ದರಂತೆ. ಒಡೀಲಿಯಳ ಆದಾಯ ಎಂಬಲ್ಲಿ ಡೆನೀಸ್ ಬರೆದ ಅಂಕಿಯನ್ನು ಒಡೀಲಿಯ ಓದಲಿಲ್ಲ, ಓದಿದ್ದರೆ ನಕ್ಕುಬಿಡುತ್ತಿದ್ದಳು. ಅವಳು ಲಿಯೊನೋರಳ ಕಡೆ ತಿರುಗಿ, "ಕುಮಾದ್ರೆ, ಹಾಕ್ಲಾ ಸಹಿ?" ಎಂದಿದ್ದಳು.

"ನಮ್ಮ ಹುಡುಗಿನೇ ಅಲ್ವಾ, ಹಾಕು," ಎಂದಿದ್ದಳು ಲಿಯೊನೋರ್, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ.

ಹೋದ ಚಳಿಗಾಲದಿಂದ ಒಡೀಲಿಯ ಪೂಜೆಗೆ ಬರುವುದು ನಿಂತಿತ್ತು. ಫೋನು ಸತ್ತಿತ್ತು. ಲಿಯೊನೋರ್ ಕೇಳಿದಾಗಲೆಲ್ಲ ಗಿಲ್, "ಫ್ರೆಸ್ನೊಗೆ, ತಂಗಿ ಮನೆಗೆ ಹೋಗಿದಾಳಂತೆ" ಎನ್ನುತ್ತಿದ್ದ.

ಕಿರೀಟ ಬರುವುದಕ್ಕೆ ಮೂರು ವಾರವಿರುವಾಗ ಮುಂದಿನ ಕೋಣೆ ಖಾಲಿಯಾಯಿತು. ಲಿಯೊನೋರ್ ಗೋಡೆ ಒರೆಸಿದಳು, ಕಿಟಕಿ ಬಿಚ್ಚಿ ತೊಳೆದಳು, ನೆಲವನ್ನು ನಾಲ್ಕು ಸಲ ಉಜ್ಜಿದಳು. ಎಷ್ಟು ಉಜ್ಜಿದರೂ ಗ್ಯಾರೇಜಿನ ಕಡೆಯಿಂದ ಬೇರೆ ಮನೆಗಳ ವಾಸನೆ ಬರುತ್ತಿತ್ತು. ನಾಯಿಯ ವಾಸನೆ, ಮಗುವಿನ ಪೌಡರಿನ ವಾಸನೆ, ಹಳೆಯ ಸಿಗರೇಟು, ಯಾರದೋ ಮುಲಾಮು. ತಿನ್ನುವ ಹೊತ್ತಿಗೆ ಅದು ಗಂಟಲಿಗೇ ಬಂದು ಕೂರುತ್ತಿತ್ತು.

ಕಿರೀಟವಿಡುವ ಪೀಠಕ್ಕೆ ಹಾಸಲು ಅವಳ ಹತ್ತಿರ ಸರಿಯಾದ ಬಿಳಿ ಹಾಸು ಇರಲಿಲ್ಲ. ಹೊಸದಕ್ಕೆ ಎಂಬತ್ತು ಡಾಲರ್ ಎಂದಾಗ ಡೆನೀಸ್ ನಕ್ಕಳು. ಅದೇ ಸಂಜೆ ಗಿಲ್ ಗ್ಯಾರೇಜಿನ ಮೂಲೆಯಲ್ಲಿ ಎಂದೋ ಎತ್ತಿಟ್ಟಿದ್ದ ಒಂದು ಕರಿಯ ಕಸದ ಚೀಲ ತಂದು ಅವಳ ಮುಂದಿಟ್ಟ.

"ಏನಿದು?"

"ಬಟ್ಟೆ. ಗಸ್ಟೀನ್ ಕಡೆ ಯಾವ್ದೋ ಮನೇದು. ಎಸೆಯೋಕೆ ಮನಸ್ಸಾಗ್ಲಿಲ್ಲ. ನೋಡು, ನಿನಗೆ ಬೇಕಾದ್ದೇ ಇದೆ."

ನಿಜವಾಗಿಯೂ ಇತ್ತು. ಅಪ್ಪಟ ಲಿನನ್ ಹಾಸು, ಅಂಚಿನ ಸುತ್ತ ದ್ವೀಪದ ನೀಲಿ ಹೂಗೊಂಚಲುಗಳ ಕಸೂತಿ. ಒಂದು ಮೂಲೆಯ ಹೂವು ಮಾತ್ರ ಅರ್ಧಕ್ಕೇ ನಿಂತಿತ್ತು. ಅದರ ಪಕ್ಕದಲ್ಲಿ ಸಾಸಿವೆಯಷ್ಟು ಕಂದು ಕಲೆ.

"ಇದು ನಮ್ಮವರ ಕೆಲಸ," ಎಂದಳು ಲಿಯೊನೋರ್. "ಅಂಗಡೀದಲ್ಲ. ಯಾರ ಮನೆ ಗಿಲ್?"

"ಅಮ್ಮ, ದಿನಕ್ಕೆ ಎರಡು ಮನೆ ಮಾಡ್ತೀನಿ. ಯಾರ ಹೆಸರು ನೆನಪಿರುತ್ತೆ?"

ಅವನು ಹೇಳಿದ ರೀತಿ ಅವಳಿಗೆ ಸರಿಬರಲಿಲ್ಲ. ತಿರುಗಿ ಕೇಳಬಹುದಿತ್ತು. ಹಾಸು ಬೆರಳಿಗೆ ತಣ್ಣಗೆ ಹತ್ತುತ್ತಿತ್ತು, ಕಿರೀಟ ಅದರ ಮೇಲೆ ಹೇಗೆ ಕಾಣಬಹುದೆಂದು ಕಣ್ಣಿಗೆ ಬಂದುಬಿಟ್ಟಿತ್ತು. ಕೇಳಲಿಲ್ಲ. ಬೇರೆಯವರ ಕೊಳೆ ಎಂದುಕೊಂಡು ಹಾಸನ್ನು ಮೂರು ಸಲ ಒಗೆದಳು. ಆ ಚುಕ್ಕೆ ಹೋಗಲಿಲ್ಲ. ನಿಂಬೆಹಣ್ಣು, ಉಪ್ಪು ತಿಕ್ಕಿ ಮೂರು ದಿನ ಬಿಸಿಲಿಗೆ ಹಾಕಿದಳು. ಮೂರನೆಯ ದಿನ ಹೋಯಿತು. ಅವೆಲಿನೊನನ್ನು ಕರೆದು ತೋರಿಸಿದಳು ಕೂಡ.

"ಎಲ್ಲಿತ್ತು ಹೇಳು ನೋಡೋಣ?"

"ನನ್ನ ಕಣ್ಣಿಗೆ ನೀನೇ ಸರಿಯಾಗಿ ಕಾಣಲ್ಲ, ಕಲೆ ಎಲ್ಲಿ ಕಾಣುತ್ತೆ," ಎಂದ ಅವನು.

ಭಾನುವಾರ ಕಿರೀಟ ಬಂತು. ಡ್ರಮ್ಮು, ಹಾಡು, ಬಿಳಿ ಲಂಗದ ಹುಡುಗಿಯರು. ಮರಿಸ್ಸಾ ಕಿರೀಟ ಹೊತ್ತು ಒಳಗೆ ಬಂದು ಆ ಹಾಸಿನ ಮೇಲಿಟ್ಟಳು. ಕಿರೀಟದ ಮೇಲಿನ ಪುಟ್ಟ ಪಾರಿವಾಳ ದೀಪದ ಬೆಳಕಿಗೆ ಮಿನುಗಿತು. ಲಿಯೊನೋರ್ ಮಂಡಿಯೂರಿದಳು. ಮೂವತ್ತನಾಲ್ಕು ವರ್ಷದ ಭಾರ ಇಳಿಯಿತು ಎಂದುಕೊಂಡಳು. ಆ ಒಂದು ರಾತ್ರಿ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ ಡೆನೀಸ್ ಗ್ಯಾರೇಜಿನಲ್ಲಿ ಕೂತು ಸಾಮಾನುಗಳಿಗೆ ಬೆಲೆಯ ಚೀಟಿ ಅಂಟಿಸುತ್ತಿದ್ದಳು.

"ಏನಿದು?"

"ದಿನಾ ಸಂಜೆ ನಲವತ್ತು ಜನ ಬರ್ತಾರೆ ಲಿಯೊನೋರ್. ಜಪ ಮುಗಿದ ಮೇಲೆ ಹಾಗೇ ಒಂದು ಸುತ್ತು ನೋಡ್ಕೊಂಡು ಹೋಗ್ಲಿ."

"ಕಿರೀಟ ಇರೋ ಮನೇಲಿ ಅಂಗಡಿ ಇಡ್ತೀಯಾ?"

"ಕಿರೀಟ ಮುಂದಿನ ಕೋಣೇಲಿದೆ. ಇದು ಗ್ಯಾರೇಜು. ನಲವತ್ತು ಜನರ ಕಾಫಿ ಬ್ರೆಡ್ಡಿನ ಖರ್ಚು ಎಲ್ಲಿಂದ ಬರುತ್ತೆ? ನಿಮ್ಮ ಹರಕೆಯಿಂದಲಾ?"

ಆ ಸಂಜೆ ಎರಡು ಫ್ರಿಜ್, ಒಂದು ತೊಟ್ಟಿಲು ಹೋದವು. ಜಪಸರವನ್ನು ಜೇಬಿಗೆ ಹಾಕಿಕೊಳ್ಳುತ್ತಲೇ ಜನ ಚೌಕಾಸಿ ಮಾಡಿದರು. ತೊಟ್ಟಿಲು ಕೊಂಡವಳು, "ಪಾಪ, ಯಾರ ಮಗೂದೋ" ಎಂದು ಹೇಳಿ ಐದು ಡಾಲರ್ ಇಳಿಸಿಕೊಂಡಳು.

ಮಂಗಳವಾರ ಒಡೀಲಿಯ ಬಂದಳು. ಜಪ ಶುರುವಾದ ಮೇಲೆ ಒಳಗೆ ಬಂದು ಹಿಂದಿನ ಸಾಲಿನಲ್ಲಿ ನಿಂತಳು. ಮೈ ಇಳಿದುಹೋಗಿತ್ತು. ಲಿಯೊನೋರಳ ಎದೆ ತುಂಬಿ ಬಂತು, ಕಣ್ಣಲ್ಲೇ ಮುಂದೆ ಬರಲು ಕರೆದಳು. ಒಡೀಲಿಯ ಮುಂದೆ ಬಂದು ಕಿರೀಟದ ಎದುರು ಮಂಡಿಯೂರಿ, ಮುತ್ತಿಡಲು ತಲೆ ಬಾಗಿಸಿದಳು. ಬಾಗಿಸಿದವಳು ಹಾಗೇ ಉಳಿದಳು. ಅವಳ ಬೆರಳು ಹಾಸಿನ ಮೂಲೆಗೆ ಹೋಯಿತು, ಅರ್ಧಕ್ಕೆ ನಿಂತ ಹೂವನ್ನು ಮುಟ್ಟಿತು. ಆಮೇಲೆ ಕೈ ಹಿಂದೆಗೆದುಕೊಂಡು, ಉಳಿದ ಸುತ್ತುಗಳ ಜಪವನ್ನು ಎಲ್ಲರ ಜೊತೆ ಸ್ಪಷ್ಟವಾಗಿ ಹೇಳಿದಳು.

ಜಪ ಮುಗಿದ ಮೇಲೆ ಲಿಯೊನೋರ್ ಕಾಫಿ ಲೋಟ ಹಿಡಿದು ಅವಳನ್ನು ಹುಡುಕಿದಳು. ಒಡೀಲಿಯ ಗ್ಯಾರೇಜಿನಲ್ಲಿದ್ದಳು. ದೇವದಾರು ಮರದ ಒಂದು ಪೆಟ್ಟಿಗೆಯ ಮುಂದೆ ನಿಂತಿದ್ದಳು.

"ಇದೆಷ್ಟು?" ಎಂದಳು.

ಡೆನೀಸ್ ಚಿಲ್ಲರೆ ಎಣಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಲವತ್ತು. ಹಳೇ ಮರ, ಹುಳ ಹಿಡಿಯಲ್ಲ. ಕೀಲಿ ಇಲ್ಲ."

"ಕೀಲಿ ನನ್ನ ಹತ್ರ ಇದೆ," ಎಂದಳು ಒಡೀಲಿಯ.

ಡೆನೀಸ್ ತಲೆ ಎತ್ತಿದಳು. ಕೈಯಲ್ಲಿದ್ದ ಒಂದು ನಾಣ್ಯ ನೆಲಕ್ಕೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ಕುಮಾದ್ರೆ," ಎಂದಳು ಲಿಯೊನೋರ್. "ನೀನು ಫ್ರೆಸ್ನೊದಲ್ಲಿ..."

"ಯಾವ ಫ್ರೆಸ್ನೊ? ನನ್ನ ತಮ್ಮನ ಹಾಲಿನ ಕೊಟ್ಟಿಗೆ ಹಿಂದಿನ ಗ್ಯಾರೇಜಲ್ಲಿದೀನಿ. ಇಲ್ಲಿಂದ ಒಂಬತ್ತು ಮೈಲಿ. ಪೆಟ್ಟಿಗೆ ಹೊರೋಕೆ ಆಳು ಕರ್ಕೊಂಡು ಸೋಮವಾರ ಬರ್ತೀನಿ ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿ ಹೋಗಿದ್ದೆ. ಶನಿವಾರವೇ ಬೀಗ ಬದಲಾಗಿತ್ತು." ಅವಳ ದನಿ ಏರಲಿಲ್ಲ. "ಹಾಸು ನನ್ನಮ್ಮ ಮಾಡಿದ್ದು. ಅವಳು ಹೋದ ಮೇಲೆ ದ್ವೀಪದಿಂದ ಬಂತು. ಒಂದು ಸಲವೂ ಬಿಚ್ಚಿ ಹಾಸಿರ್ಲಿಲ್ಲ. ಕಿರೀಟ ನನ್ನ ಮನೆಗೆ ಬಂದಾಗ ಹಾಸೋಣ ಅಂತ ಇಟ್ಟಿದ್ದೆ."

ಕಾಫಿ ಮುಟ್ಟದೆ ಹೋದಳು. ಹೋಗುವಾಗ ಗಿಲ್ ಬಾಗಿಲಲ್ಲಿ ನಿಂತಿದ್ದ. ಅವಳು ಅವನ ಕೆನ್ನೆಯನ್ನು ಒಮ್ಮೆ ತಟ್ಟಿದಳು, ಚಿಕ್ಕವನಿದ್ದಾಗ ತಟ್ಟುತ್ತಿದ್ದಂತೆ.

ಬೆಳಿಗ್ಗೆ ಗಿಲ್ ಮೊಟ್ಟೆ ತಿನ್ನುತ್ತಿದ್ದಾಗ ಲಿಯೊನೋರ್ ಅವನ ಕ್ಯಾಮೆರಾ ತಂದು ತಟ್ಟೆಯ ಪಕ್ಕ ಇಟ್ಟಳು.

"ತೋರ್ಸು."

"ಏನನ್ನ?"

"ಅವಳ ಮನೆ. ಮೊದಲಿಂದು, ಆಮೇಲಿಂದು. ಎರಡೂ."

"ಅಮ್ಮ, ನಾನು ಮಾಡದಿದ್ರೆ ಬೇರೆ ಹುಡುಗ್ರು ಮಾಡ್ತಿದ್ರು. ಅವ್ರಾಗಿದ್ರೆ ಹಾಸನ್ನ ಗುಂಡಿಗೆ ಎಸೀತಿದ್ರು. ನಾನು ಉಳಿಸಿದೆ."

"ಉಳಿಸಿ ಯಾರಿಗೆ ಕೊಟ್ಟೆ?"

"ನಿನಗೆ. ಹೊಸದು ಬೇಕು ಅಂತ ನೀನೇ ಅಳ್ತಿದ್ದೆ."

"ಫ್ರೆಸ್ನೊ ಅಂತ ಯಾಕೆ ಹೇಳ್ದೆ?"

"ನೀನು ಕೇಳ್ತಾನೇ ಇದ್ದೆ. ಏನಾದ್ರೂ ಹೇಳ್ಬೇಕಿತ್ತಲ್ಲ."

ಡೆನೀಸ್ ನಡುವೆ ಬಂದಳು. "ಅವನನ್ನ ಯಾಕೆ ಅಂತೀರಿ? ಕಂತು ಕಟ್ಟದಿದ್ರೆ ಮನೆ ಹೋಗುತ್ತೆ. ನಮ್ಮದೂ ಹೋಯ್ತು. ನಮಗೆ ಯಾರು ಪೆಟ್ಟಿಗೆ ಎತ್ತಿಟ್ರು?"

"ಅವಳ ಆದಾಯ ಬರೆದಿದ್ದು ಯಾರು?"

"ಸಹಿ ಹಾಕು ಅಂದಿದ್ದು ಯಾರು?"

ಅವೆಲಿನೊ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಗಿಲ್ ಗುಂಡಿ ಒತ್ತುತ್ತ ಹೋದ. ಒಡೀಲಿಯಳ ಅಡಿಗೆಮನೆ. ಒಲೆಯ ಮೇಲೆ ಕೆಟಲ್, ಗೋಡೆಗೆ ಚರ್ಚಿನ ಕ್ಯಾಲೆಂಡರು, ಅದರ ಪಕ್ಕ ಕಟ್ಟು ಹಾಕಿಸಿದ ಒಂದು ಫೋಟೋ. ತರುಣಿಯೊಬ್ಬಳು ಬಿಳಿ ನಿಲುವಂಗಿಯ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಮಗು ಅಂಗೈಯಷ್ಟೇ ಇದೆ.

"ಇದು ನೀನು," ಎಂದಳು ಲಿಯೊನೋರ್.

ಗಿಲ್ ಕ್ಯಾಮೆರಾವನ್ನು ತಟ್ಟೆಯ ಪಕ್ಕ ಕೆಳಗಿಟ್ಟ.

"ಮುಂದಿಂದು ತೋರ್ಸು."

ಅದೇ ಅಡಿಗೆಮನೆ. ಖಾಲಿ. ಗೋಡೆಯಲ್ಲಿ ಒಂದು ಮೊಳೆ.

"ಮೊಳೆ ಒಂದನ್ನ ಬಿಟ್ಟಿದೀಯಲ್ಲ."

"ಮೊಳೆ ಕೀಳೋಕೆ ಬೇರೆ ದುಡ್ಡು ಕೊಡಲ್ಲ," ಎಂದ ಗಿಲ್. ಅಣಕಿಸಲು ಹೇಳಿದ್ದಲ್ಲ. ಕೇಳಿದ ಪ್ರಶ್ನೆಗೆ ಉತ್ತರವೆಂದೇ ಹೇಳಿದ್ದ.

ಲಿಯೊನೋರ್ ಎದ್ದು ಹೋಗಿ ಬಾಯಲ್ಲಿದ್ದ ಕಾಫಿಯನ್ನು ಸಿಂಕಿನಲ್ಲಿ ಉಗಿದಳು. ಕೈಯಲ್ಲಿದ್ದ ಲೋಟವನ್ನು ನೋಡಿದಳು. ಅದು ಅವಳದಲ್ಲ. ಸಿಂಕಿನಲ್ಲಿದ್ದ ತಟ್ಟೆಗಳಲ್ಲಿ ಒಂದೂ ಅವಳದಲ್ಲ. ತನ್ನ ಹಳೆಯ ತಟ್ಟೆಗಳನ್ನು ಯಾವ ಡಬ್ಬದಲ್ಲಿ ಹಾಕಿದ್ದೇನೆಂಬುದೂ ಅವಳಿಗೆ ನೆನಪಾಗಲಿಲ್ಲ.

ಸಭಾಂಗಣದ ಅಧ್ಯಕ್ಷನಿಗೆ ಫೋನು ಮಾಡಿದಳು. "ಕಿರೀಟ ಮನೆ ಬದಲಾಯಿಸ್ತಿದೆ. ಇವತ್ತಿಂದ ಜಪ ಒಡೀಲಿಯ ಇರೋ ಕಡೆ."

"ಹಾಗೆಲ್ಲ ಆಗಲ್ಲ ಲಿಯೊನೋರ್. ಚೀಟಿ ನಿನ್ನ ಹೆಸರಲ್ಲಿದೆ."

"ಚೀಟಿ ನನ್ನ ಹೆಸರಲ್ಲೇ ಇರ್ಲಿ."

"ಕಿರೀಟ ವಾರದ ಮಧ್ಯೆ ಹೊಸ್ತಿಲು ದಾಟಿದ್ದು ನಾನು ಕಂಡಿಲ್ಲ. ಜನ ಏನಂತಾರೆ?"

"ಏನಂತಾರೆ ಅಂತ ನಾನೇ ಹೇಳ್ತೀನಿ. ಲಿಯೊನೋರ್ ಮನೆ ಗಲೀಜಾಗಿತ್ತು ಅಂತಾರೆ. ಅನ್ನಲಿ."

ಡೆನೀಸ್ ಬಾಗಿಲಿಗೆ ಅಡ್ಡ ನಿಂತಳು. "ನಾಳೆಗೆ ಆರು ಜನ ಸಾಮಾನು ನೋಡೋಕೆ ಬರ್ತೀನಿ ಅಂದಿದಾರೆ. ಅವರಿಗೇನು ಹೇಳ್ಲಿ?"

"ಕೀಲಿ ತಗೊಂಡು ಬನ್ನಿ ಅನ್ನು," ಎಂದ ಅವೆಲಿನೊ. ಅಷ್ಟು ಹೊತ್ತಿಗೆ ಅವನು ನೋಯುವ ಮಂಡಿಯಲ್ಲೇ ಪೆಟ್ಟಿಗೆಯ ಒಂದು ಬದಿಯನ್ನು ಎತ್ತಿದ್ದ. ಇನ್ನೊಂದು ಬದಿಗೆ ಗಿಲ್ ಬಂದು ಕೈ ಹಾಕಿದ. ಅಪ್ಪ ಮಗ ಅದನ್ನು ಹಳೆಯ ಪಿಕಪ್ಪಿಗೆ ಏರಿಸಿದರು. "ಹತ್ತು," ಎಂದ ಅವೆಲಿನೊ. ಗಿಲ್ ಹತ್ತಲಿಲ್ಲ. ಅವನ ಫೋನಿಗೆ ಆಗಲೇ ಬೇರೆ ವಿಳಾಸ ಬಂದಿತ್ತು.

ದಾರಿಯಲ್ಲಿ ಕಿರೀಟವೂ ಮಡಚಿದ ಹಾಸೂ ಲಿಯೊನೋರಳ ತೊಡೆಯ ಮೇಲಿದ್ದವು. ಎರಡೂ ಕಡೆ ಹೊಸ ಬಡಾವಣೆಗಳು, ಒಣಗಿ ಹಳದಿಯಾದ ಹುಲ್ಲು, ಹಸಿರು ಪಾಚಿ ಕಟ್ಟಿದ ಈಜುಕೊಳಗಳು.

"ನಿನ್ನ ಹರಕೆ?" ಎಂದ ಅವೆಲಿನೊ.

"ಮಗು ಉಳಿದ್ರೆ ಅಂತ ಹೊತ್ತಿದ್ದೆ," ಎಂದಳು ಅವಳು.

ಒಡೀಲಿಯಳ ಗ್ಯಾರೇಜಿನಲ್ಲಿ ಒಂದು ಮಂಚ, ಒಂದು ವಿದ್ಯುತ್ ಒಲೆ, ಅವಳ ತಮ್ಮನ ಬಟ್ಟೆ ಒಗೆಯುವ ಯಂತ್ರ ಇದ್ದವು. ಹೊರಗೆ ಹಸುಗಳು ಕೂಗುತ್ತಿದ್ದವು. ಒಡೀಲಿಯ ಕಿರೀಟವನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಲಿಯೊನೋರಳನ್ನು ನೋಡಲಿಲ್ಲ. ಹಾಸನ್ನು ತೆಗೆದುಕೊಂಡು ಒಗೆಯುವ ಯಂತ್ರದ ಮೇಲೆ ಬಿಡಿಸಿದಳು. ಅರ್ಧ ಹೂವಿನ ಮೂಲೆಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಮುಂಬದಿ ನೋಡಿದಳು.

"ಇಲ್ಲೊಂದು ಚುಕ್ಕೆ ಇತ್ತಲ್ಲ."

"ತೆಗೆದೆ," ಎಂದಳು ಲಿಯೊನೋರ್. "ನಿಂಬೆಹಣ್ಣು, ಉಪ್ಪು ಹಾಕಿ. ಮೂರು ದಿನ ಬೇಕಾಯ್ತು."

"ಅಮ್ಮನಿಗೆ ಕೊನೆಗೆ ಕಣ್ಣು ಕಾಣ್ತಿರ್ಲಿಲ್ಲ. ಸೂಜಿ ಚುಚ್ಚಿ ಅಲ್ಲಿಗೆ ನಿಲ್ಲಿಸಿದ್ಲು." ಒಡೀಲಿಯ ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದಳು. "ಅವಳ ರಕ್ತ ಅದು. ಅಷ್ಟು ದೂರದಿಂದ ಅವಳದು ಅಂತ ಬಂದಿದ್ದು ಅಷ್ಟೇ."

ಲಿಯೊನೋರ್ ಏನೋ ಹೇಳಲು ಬಾಯಿ ತೆರೆದಳು.

"ಬೇಡ ಕುಮಾದ್ರೆ. ಏನೂ ಹೇಳ್ಬೇಡ." ಒಡೀಲಿಯ ಕಿರೀಟವನ್ನು ಅವಳ ಕೈಯಿಂದ ತೆಗೆದು ಹಾಸಿನ ಮೇಲಿಟ್ಟು, ನೇರ ಮಾಡಿದಳು. ಆಮೇಲೆ ಮೊದಲ ಸಲ ಅವಳ ಕಡೆ ತಿರುಗಿದಳು. "ತೊಳೆಯೋದು ನಿನಗೆ ಅಷ್ಟು ಚೆನ್ನಾಗಿ ಬರುತ್ತಲ್ಲ. ಅಗೋ, ಬಕೀಟು ಅಲ್ಲಿದೆ. ತಮ್ಮ ಇಲ್ಲಿ ಟ್ರ್ಯಾಕ್ಟರ್ ನಿಲ್ಲಿಸ್ತಿದ್ದ, ನೆಲದ ಮೇಲೆ ಎಣ್ಣೆ ಕಲೆ ಇದೆ. ಏಳು ಗಂಟೆಗೆ ಜನ ಬಂದು ಮಂಡಿಯೂರ್ತಾರೆ."

ಲಿಯೊನೋರ್ ತೋಳು ಮೇಲೆ ಮಡಚಿ ನೆಲಕ್ಕೆ ಕೂತಳು. ಏಳು ಗಂಟೆಯವರೆಗೆ ಉಜ್ಜಿದಳು. ಕಲೆ ಹೋಗಲಿಲ್ಲ.